ಹುಟ್ಟಿದ ಒಂದೇ ಗಂಟೆಗೆ ಮಗುವಿನ ಹಿಮ್ಮಡಿಗೆ ಸೂಜಿ ಯಾಕೆ? ಬಸಿರಿನ ಶುಗರ್ ಬಗ್ಗೆ ಕೇಳಬೇಕಿತ್ತು

ಸುಂಟಿಕೊಪ್ಪದ ತಾಯಿ
ಜುಲೈ 4, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಇವತ್ತಿಗೆ 16 ದಿನ. ಚೆನ್ನಾಗಿದ್ದಾಳೆ, ಹಾಲು ಕುಡಿದು ಪಕ್ಕದಲ್ಲೇ ಮಲಗಿದ್ದಾಳೆ. ಹೊರಗೆ ಮಳೆ ಸುರಿಯುತ್ತಿದೆ, ನನಗೆ ನಿದ್ದೆ ಇಲ್ಲ. ಅವಳು ಹುಟ್ಟಿದ ರಾತ್ರಿ ತಲೆಯಿಂದ ಹೋಗುತ್ತಲೇ ಇಲ್ಲ.

ಆರು ತಿಂಗಳು ತುಂಬಿದಾಗ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು. 168 ಬಂತು. ಬಸಿರಿನ ಶುಗರ್ ಅಂದರು. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ, ಇಷ್ಟೇ. ನಮ್ಮ ಮನೆಯಲ್ಲಿ ಬೆಳಿಗ್ಗೆ ಬೆಲ್ಲದ ನೀರು ಕುದಿಯುವಾಗಲೇ ಅದಕ್ಕೆ ಕಾಫಿ ಪುಡಿ ಬೀಳುತ್ತದೆ. ನನಗೆ ಅಂತ ಅತ್ತೆ ಬೇರೆ ಪಾತ್ರೆ ಇಟ್ಟರು. ಮೊದಲ ತಿಂಗಳು ಸರಿಯಾಗಿ ನಡೆಸಿದೆ. ಆಮೇಲೆ ಮನೆಯಲ್ಲಿ ನೋಡಿಕೊಂಡಾಗ ಖಾಲಿ ಹೊಟ್ಟೆಗೆ 104, 110 ಬರಲು ಶುರುವಾಯಿತು. ಇನ್ಸುಲಿನ್ ಬೇಕಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಸೂಜಿಯ ಹೆದರಿಕೆಗೆ ಆ ನಂಬರುಗಳನ್ನು ನಾನು ಅವರಿಗೆ ತೋರಿಸಲೇ ಇಲ್ಲ.

38 ವಾರಕ್ಕೆ ಸಿಸೇರಿಯನ್ ಆಯಿತು. 3 ಕೆಜಿ 800 ಗ್ರಾಂ. ಎಷ್ಟು ದುಂಡಗಿದ್ದಾಳೆ ಅಂತ ಎಲ್ಲರಿಗೂ ಖುಷಿ. ಒಂದು ಗಂಟೆ ಕಳೆದಿರಬೇಕು, ನರ್ಸ್ ಬಂದು ಅವಳ ಹಿಮ್ಮಡಿ ಒತ್ತಿ ಹಿಡಿದು ಸೂಜಿ ಚುಚ್ಚಿದರು. ಒಂದು ಹನಿ ರಕ್ತ ಶುಗರ್ ನೋಡುವ ಪಟ್ಟಿಗೆ ಮುಟ್ಟಿಸಿದರು. 32. ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು. ಯಾರೂ ಏನೂ ಹೇಳಲಿಲ್ಲ. ಒಂದೂವರೆ ದಿನದ ಮೇಲೆ ಅವಳು ನನ್ನ ಕೈಗೆ ಬಂದಳು. ಪುಟ್ಟ ಕೈಗೆ ಪಟ್ಟಿ ಸುತ್ತಿತ್ತು. ಹಿಮ್ಮಡಿಯಲ್ಲಿ ಸಾಸಿವೆಯಷ್ಟು ದೊಡ್ಡ ಏಳು ಚುಕ್ಕಿ. ನಾನು ಎಣಿಸಿದೆ.

ನನ್ನ ಶುಗರ್ ಜಾಸ್ತಿ ಇತ್ತು, ಅವಳದ್ದು ಕಮ್ಮಿ ಹೇಗಾಯಿತು? ಇದು ನನ್ನಿಂದ ಆಗಿದ್ದಾ? ಮುಂದೆ ಅವಳಿಗೆ ಸಕ್ಕರೆ ಕಾಯಿಲೆ ಬರುತ್ತಾ?


ನಾಪೋಕ್ಲು ಅಕ್ಕ
ಜುಲೈ 5, ಬೆಳಿಗ್ಗೆ 6:15

ತಂಗಿ, ಮೊದಲು ನೀನು ಅಳಬೇಡ. ನನ್ನ ಎರಡನೆಯವನಿಗೂ ಹೀಗೇ ಆಗಿತ್ತು. ಈಗ ಒಂಬತ್ತನೇ ಕ್ಲಾಸು, ಹಾಕಿ ಆಡುತ್ತಾನೆ. ವಿವರ ಗೊತ್ತಿರುವವರು ಹೇಳುತ್ತಾರೆ, ನೀನು ಬಿಸಿಯಾಗಿ ಏನಾದರೂ ತಿಂದು ಮಲಗು.


ಮಕ್ಕಳ ಡಾಕ್ಟರ್, ಗೋಣಿಕೊಪ್ಪದವನು
ಜುಲೈ 5, ಮಧ್ಯಾಹ್ನ 2:30

ಊರು ಗೋಣಿಕೊಪ್ಪ, ಕೆಲಸ ಮೈಸೂರಿನಲ್ಲಿ. ಆ ರಾತ್ರಿ ಯಾರಾದರೂ ನಿಮ್ಮ ಪಕ್ಕ ಹತ್ತು ನಿಮಿಷ ಕೂತು ಹೇಳಬೇಕಿತ್ತು. ಹೇಳದೇ ಹೋದದ್ದು ತಪ್ಪು. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬಸಿರಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಕೆಲವು ಹಾರ್ಮೋನುಗಳನ್ನು ಮಾಡುತ್ತದೆ. ಇನ್ಸುಲಿನ್ ಅಂದರೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನು. ಅವು ತಾಯಿಯ ಇನ್ಸುಲಿನ್ ಕೆಲಸಕ್ಕೆ ಸ್ವಲ್ಪ ಅಡ್ಡ ಬರುತ್ತವೆ, ಮಗುವಿಗೆ ಸಕ್ಕರೆ ಸಾಕಷ್ಟು ಉಳಿಯುತ್ತದೆ. ಇದು ಎಲ್ಲ ಬಸುರಿಯರಲ್ಲೂ ಆಗುತ್ತದೆ. ಹೆಚ್ಚಿನವರ ಮೈ ಇನ್ನಷ್ಟು ಇನ್ಸುಲಿನ್ ಮಾಡಿಕೊಂಡು ಸರಿದೂಗಿಸುತ್ತದೆ. ಕೆಲವರಿಗೆ ಅದು ಸಾಲುವುದಿಲ್ಲ. ಆರೇಳು ತಿಂಗಳ ಹೊತ್ತಿಗೆ ಮಾಸು ದೊಡ್ಡದಾದ ಹಾಗೆ ಶುಗರ್ ಏರುವುದು ಅದಕ್ಕೇ. ನಿಮ್ಮ ಬೆಲ್ಲದ ಕಾಫಿ ತಂದ ಕಾಯಿಲೆ ಅಲ್ಲ ಇದು.

ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಬಂದ ಸಕ್ಕರೆಯನ್ನೆಲ್ಲ ಮಗು ತನ್ನದೇ ಇನ್ಸುಲಿನ್‌ನಿಂದ ನಿಭಾಯಿಸಬೇಕು. ದಿನಾ ಜಾಸ್ತಿ ಸಕ್ಕರೆ ಬಂದರೆ ದಿನಾ ಜಾಸ್ತಿ ಇನ್ಸುಲಿನ್ ಮಾಡುತ್ತದೆ. ಡೆನ್ಮಾರ್ಕಿನ ಯೋರ್ಗೆನ್ ಪೆಡರ್ಸನ್ ಎಂಬ ಡಾಕ್ಟರ್ 1952ರಲ್ಲೇ ಇದನ್ನು ಮುಂದಿಟ್ಟರು. ಇವತ್ತಿಗೂ ನಾವು ಇದರ ಮೇಲೇ ನಿಂತಿದ್ದೇವೆ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಕಣಕ್ಕೆ ದಿನಾ 50 ಚೀಲ ಕಾಫಿ ಬರುತ್ತಿದೆ ಅಂತ 20 ಆಳು ಇಟ್ಟಿದ್ದೀರಿ. ಒಂದು ಬೆಳಿಗ್ಗೆ ತೋಟದಿಂದ ಚೀಲ ಬರುವುದು ನಿಂತಿತು. ಆಳುಗಳು ಮಾತ್ರ ಅಷ್ಟೇ ಜನ ಇದ್ದಾರೆ. ಕಣದಲ್ಲಿ ಉಳಿದದ್ದನ್ನೂ ಒಂದೇ ಗಳಿಗೆಯಲ್ಲಿ ಬಾಚಿ ಒಳಗೆ ಹಾಕಿಬಿಡುತ್ತಾರೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಮಗುವಿಗೆ ಆಗುವುದು ಇದೇ. ತಾಯಿಯ ಸಕ್ಕರೆ ನಿಂತಿತು, ಮಗುವಿನ ಇನ್ಸುಲಿನ್ ನಿಲ್ಲಲಿಲ್ಲ. ಒಂದೆರಡು ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ.

ಕುಸಿದರೆ ಮಗು ನಡುಗಬಹುದು, ಮೈ ಸಡಿಲ ಬಿಡಬಹುದು, ಹಾಲು ಎಳೆಯದೇ ಇರಬಹುದು. ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ. ಮಿದುಳಿಗೆ ಸಕ್ಕರೆ ಬೇಕೇ ಬೇಕು, ಬಹಳ ಹೊತ್ತು ಕಮ್ಮಿ ಇದ್ದರೆ ಮಿದುಳಿಗೆ ಪೆಟ್ಟು. ಅದಕ್ಕೇ ಕಾಯದೆ ಚುಚ್ಚಿ ನೋಡುವುದು. 45ಕ್ಕಿಂತ ಕಮ್ಮಿ ಬಂದರೆ ಸಾಮಾನ್ಯವಾಗಿ ಹಾಲು ಕೊಟ್ಟು ಮತ್ತೆ ನೋಡುತ್ತೇವೆ, ಇನ್ನೂ ಇಳಿದರೆ ಗ್ಲೂಕೋಸ್ ಡ್ರಿಪ್ ಹಾಕುತ್ತೇವೆ. ಮಗುವಿನ ಇನ್ಸುಲಿನ್ ಒಂದೆರಡು ದಿನದಲ್ಲಿ ಸಮಕ್ಕೆ ಬರುತ್ತದೆ. ಆ ಏಳು ಚುಕ್ಕಿಗಳು ನಿಮ್ಮ ಮಗಳನ್ನು ಯಾರೋ ಸರಿಯಾಗಿ ಕಾಯ್ದ ಗುರುತು.

ಅವಳಿಗೆ ಹುಟ್ಟುವಾಗಲೇ ಸಕ್ಕರೆ ಕಾಯಿಲೆ ಇಲ್ಲ. ಮುಂದಿನ ವಿಷಯ ಆಮೇಲೆ ಬರೆಯುತ್ತೇನೆ, ಈಗ ವಾರ್ಡಿಗೆ ಹೋಗಬೇಕು.


ವಿರಾಜಪೇಟೆ ಅಪ್ಪ
ಜುಲೈ 5, ಸಂಜೆ 7:05

ಸರ್, ದೊಡ್ಡ ಮಗು ಅಂದರೆ ಆರೋಗ್ಯದ ಮಗು ಅಂತಲೇ ನಾವು ಅಂದುಕೊಂಡಿದ್ದೆವು. ನನ್ನ ಹೆಂಡತಿಗೆ ಮೊದಲ ಹೆರಿಗೆಯಲ್ಲಿ 4 ಕೆಜಿ 200 ಗ್ರಾಂ. ತಲೆ ಬಂತು, ಭುಜ ಸಿಕ್ಕಿಕೊಂಡಿತು. ಒಳಗಿನಿಂದ ಎಲ್ಲರೂ ಒಟ್ಟಿಗೆ ಕೂಗಿದ್ದು ನನಗೆ ಬಾಗಿಲ ಹೊರಗೆ ಕೇಳಿಸಿತು. ಮಗುವಿನ ಬಲಗೈ ಜೋತು ಬಿದ್ದಿತ್ತು. ನಾಲ್ಕು ತಿಂಗಳು ಫಿಸಿಯೋಥೆರಪಿ ಮಾಡಿಸಿದೆವು. ದಿನಕ್ಕೆ ಐದಾರು ಸಲ ಆ ಪುಟ್ಟ ಕೈಯನ್ನು ನಾನೇ ಮೇಲೆತ್ತಿ ಇಳಿಸುತ್ತಿದ್ದೆ. ಈಗ ಪೂರ್ತಿ ಸರಿ ಇದೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಆ ಎರಡು ತಿಂಗಳು ನಾವು ತಪಾಸಣೆಗೇ ಹೋಗಿರಲಿಲ್ಲ. ಶುಗರ್ ಟೆಸ್ಟ್ ತಪ್ಪಿತ್ತು. ಹೆರಿಗೆಯ ದಿನ ನೋಡಿದಾಗ 240.


ಮಕ್ಕಳ ಡಾಕ್ಟರ್, ಗೋಣಿಕೊಪ್ಪದವನು
ಜುಲೈ 5, ರಾತ್ರಿ 10:20

ನೀವು ಹೇಳಿದ್ದು ಬಹಳ ಮುಖ್ಯ. ಇನ್ಸುಲಿನ್ ಮಗುವನ್ನು ಬೆಳೆಸುತ್ತದೆ, ಕೊಬ್ಬು ಕೂಡಿಸುತ್ತದೆ. ಆ ಕೊಬ್ಬು ತಲೆಗಿಂತ ಭುಜ, ಹೊಟ್ಟೆಯ ಸುತ್ತ ಜಾಸ್ತಿ ಸೇರುತ್ತದೆ. ಹಾಗಾಗಿ ತಲೆ ಬಂದು ಭುಜ ನಿಲ್ಲುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಮತ್ತೆ ಮತ್ತೆ ಅಳೆಯುವುದು ಇದನ್ನು ಮೊದಲೇ ತಿಳಿಯಲು.

ಇನ್ನೂ ಕೆಲವು ತೊಂದರೆ ಇದೆ. ಶ್ವಾಸಕೋಶ ಹಿಗ್ಗಿ ನಿಲ್ಲಲು ಒಳಗೆ ಒಂದು ಜಿಡ್ಡಿನ ಪದರ ಬೇಕು, ಜಾಸ್ತಿ ಇನ್ಸುಲಿನ್ ಅದು ತಯಾರಾಗುವುದನ್ನು ತಡ ಮಾಡುತ್ತದೆ. ತಿಂಗಳು ತುಂಬಲು ಸ್ವಲ್ಪವೇ ಬಾಕಿ ಇದ್ದ ಮಗುವೂ ಉಸಿರಿಗೆ ಕಷ್ಟಪಡುವುದು ಹೀಗೆ. ರಕ್ತದಲ್ಲಿ ಕೆಂಪು ಕಣ ಜಾಸ್ತಿ ಇರುತ್ತದೆ, ಅವು ಒಡೆದಾಗ ಕಾಮಾಲೆ ಏರುತ್ತದೆ, ನೀಲಿ ಲೈಟಿನ ಕೆಳಗೆ ಇಡಬೇಕಾಗುತ್ತದೆ. ಕ್ಯಾಲ್ಸಿಯಂ ಇಳಿಯಬಹುದು. ಹೃದಯದ ನಡುಗೋಡೆ ದಪ್ಪ ಆಗಬಹುದು, ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಕರಗುತ್ತದೆ. ಹೊಟ್ಟೆಯಲ್ಲಿ ಮಗು ಜಾಸ್ತಿ ಮೂತ್ರ ಮಾಡುವುದರಿಂದ ಸುತ್ತಲಿನ ನೀರೂ ಜಾಸ್ತಿ ಆಗುತ್ತದೆ.

ಒಂದು ಹೆದರಿಕೆ ಇಟ್ಟುಕೊಳ್ಳಬೇಡಿ. ಮಗುವಿನ ಅಂಗಗಳು ಮೂಡುವುದು ಮೊದಲ ಎರಡು ತಿಂಗಳಲ್ಲಿ. ಆರನೇ ತಿಂಗಳ ನಂತರ ಬರುವ ಶುಗರ್‌ನಿಂದ ಹೃದಯದಲ್ಲಿ ತೂತು, ಬೆನ್ನುಮೂಳೆಯ ದೋಷ ಇಂಥದ್ದು ಸಾಮಾನ್ಯವಾಗಿ ಬರುವುದಿಲ್ಲ. ಬಸಿರಿಗೆ ಮೊದಲೇ ಶುಗರ್ ಇದ್ದವರಿಗೆ, ಅದೂ ಹತೋಟಿಯಲ್ಲಿ ಇಲ್ಲದವರಿಗೆ ಆ ಅಪಾಯ. ಶುಗರ್ ಇರುವ ಹೆಣ್ಣುಮಕ್ಕಳು ಮಗು ಬೇಕು ಅಂದುಕೊಂಡಾಗಲೇ ಡಾಕ್ಟರ್ ಹತ್ತಿರ ಹೋಗಿ ಅಂತ ಬೇಡಿಕೊಳ್ಳುವುದು ಅದಕ್ಕೇ.


ಆಶಾ ಕಾರ್ಯಕರ್ತೆ, ಸೋಮವಾರಪೇಟೆ ಕಡೆ
ಜುಲೈ 6, ಬೆಳಿಗ್ಗೆ 8:40

ಟೆಸ್ಟ್ ತಪ್ಪುವುದು ಹೇಗೆ ಅಂತ ನಾನು ಹೇಳುತ್ತೇನೆ, ದಿನಾ ನೋಡುತ್ತೇನೆ. ನಮ್ಮ ತೋಟದ ಕೂಲಿಯವರ ಲೈನ್ ಮನೆಗಳ ಹೆಣ್ಣುಮಕ್ಕಳಿಗೆ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಯಾರೋ ಹೇಳಿರುತ್ತಾರೆ. ಮೊದಲ ಬಸ್ಸು ತಪ್ಪಿದರೆ ಹೋಗುವುದೇ ಇಲ್ಲ.

ಸರ್ಕಾರದ ಕ್ರಮದಲ್ಲಿ ಈ ಟೆಸ್ಟಿಗೆ ಖಾಲಿ ಹೊಟ್ಟೆ ಬೇಡ. ತಿಂಡಿ ತಿಂದಿದ್ದರೂ ಆಗುತ್ತದೆ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಎಂಎಲ್ ನೀರಿಗೆ ಕಲಸಿ ಐದು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಎರಡು ಗಂಟೆ ಬಿಟ್ಟು ರಕ್ತ. 140 ಅಥವಾ ಜಾಸ್ತಿ ಬಂದರೆ ಬಸಿರಿನ ಶುಗರ್. ಅರ್ಧ ಗಂಟೆ ಒಳಗೆ ವಾಂತಿ ಆದರೆ ಮಾರನೇ ದಿನ ಮತ್ತೆ. ಮೊದಲ ತಪಾಸಣೆಯಲ್ಲಿ ಒಂದು ಸಲ, 24ರಿಂದ 28 ವಾರದೊಳಗೆ ಇನ್ನೊಂದು ಸಲ. ಮೊದಲ ಸಲ ಸರಿ ಇತ್ತು ಅಂತ ಎರಡನೆಯದನ್ನು ಬಿಡುವ ಹಾಗಿಲ್ಲ. ಹೆಚ್ಚಿನವರಲ್ಲಿ ಸಿಕ್ಕಿಬೀಳುವುದೇ ಎರಡನೆಯದರಲ್ಲಿ. ಕೆಲವು ಖಾಸಗಿ ಆಸ್ಪತ್ರೆಗಳು ಖಾಲಿ ಹೊಟ್ಟೆಯಿಂದ ಶುರು ಮಾಡಿ ಮೂರು ಸಲ ರಕ್ತ ತೆಗೆಯುತ್ತವೆ, ಅದೂ ಸರಿಯಾದ ಕ್ರಮವೇ, ಅಲ್ಲಿ ನಂಬರುಗಳು ಬೇರೆ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರ್ ಉಚಿತವಾಗಿ ನೋಡುತ್ತಾರೆ. ಆ ದಿನಕ್ಕೆ ನಾನು ನಾಲ್ಕೈದು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಒಬ್ಬಳೇ ಎರಡು ಗಂಟೆ ಕೂರುವುದು ಬೇಜಾರು, ಐದು ಜನ ಇದ್ದರೆ ಮಾತಾಡುತ್ತಾ ಹೊತ್ತು ಹೋಗುತ್ತದೆ. ತಾಯಿ ಕಾರ್ಡಿನಲ್ಲಿ ಆ ನಂಬರ್ ಬರೆಸಿಕೊಂಡೇ ಬನ್ನಿ. ನಾನು ಕಾರ್ಡ್ ತೆಗೆದು ಮೊದಲು ನೋಡುವ ಜಾಗ ಅದೇ.


ಹಳೇ ಮಡಿಕೇರಿಯವ
ಜುಲೈ 6, ಸಂಜೆ 5:50

ನನಗೆ 67 ವರ್ಷ. ನಮ್ಮ ತಾಯಿ ಎಂಟು ಮಕ್ಕಳನ್ನು ಹೆತ್ತರು, ಒಂದು ಟೆಸ್ಟೂ ಇರಲಿಲ್ಲ. ಬಸುರಿ ಇಬ್ಬರ ಊಟ ಮಾಡಬೇಕು ಅಂತ ಜೇನು, ತುಪ್ಪ, ಹಣ್ಣು ಕೊಡುತ್ತಿದ್ದರು. ಈಗ ಸೊಸೆಗೆ ಅನ್ನವೂ ಅಳತೆ. ಇಷ್ಟು ಹೆದರಿಸುವುದು ಬೇಕಾ ಅಂತ ಮನಸ್ಸಿಗೆ ಕಷ್ಟ ಆಗುತ್ತದೆ. ತಪ್ಪಾಗಿದ್ದರೆ ಹೇಳಿ.


ನಿವೃತ್ತ ನರ್ಸ್, ಕುಶಾಲನಗರ
ಜುಲೈ 6, ರಾತ್ರಿ 9:15

ಅಣ್ಣ, ನಿಮ್ಮ ಮಾತಿನಲ್ಲಿ ಪ್ರೀತಿ ಇದೆ, ಅದಕ್ಕೇ ಉತ್ತರ ಕೊಡುತ್ತಿದ್ದೇನೆ. ಆ ಕಾಲದ ಹೆಂಗಸರು ಬತ್ತ ಕುಟ್ಟುತ್ತಿದ್ದರು, ಹೊಳೆಯಿಂದ ನೀರು ಹೊರುತ್ತಿದ್ದರು, ಏರು ಇಳಿವಿನಲ್ಲಿ ಮೈಲಿ ನಡೆಯುತ್ತಿದ್ದರು. ತಿಂದದ್ದು ಅಲ್ಲೇ ಕರಗುತ್ತಿತ್ತು. ಆಗ ಶುಗರ್ ಇದ್ದವರೂ ಇದ್ದರು, ನಾವು ನೋಡಲಿಲ್ಲ ಅಷ್ಟೆ.

ನಾನು 34 ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸು ಬಂದಳು. ಒಂಬತ್ತು ತಿಂಗಳು ತುಂಬಿತ್ತು. ಎರಡು ದಿನದಿಂದ ಮಗು ಅಲ್ಲಾಡಿಲ್ಲ ಅಂದಳು. ದೊಡ್ಡ, ಚೆಂದದ ಗಂಡು ಮಗು, ಉಸಿರಿರಲಿಲ್ಲ. ಮನೆಯವರು ದೃಷ್ಟಿ ಅಂದರು. ಆ ಮಗುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದು ನಾನು. ಎರಡು ವರ್ಷ ಬಿಟ್ಟು ಅದೇ ಹೆಂಗಸು ಮತ್ತೆ ಬಸುರಿಯಾಗಿ ಬಂದಾಗ ಹೊಸ ಡಾಕ್ಟರಮ್ಮ ರಕ್ತ ನೋಡಿಸಿದರು. 200ರ ಮೇಲೆ ಇತ್ತು. ಇನ್ಸುಲಿನ್ ಕೊಟ್ಟರು, ವಾರ ವಾರ ಕರೆಸಿದರು. ಮಗಳು ಹುಟ್ಟಿದಳು, ಅತ್ತಳು. ಆ ಅಳು ಕೇಳಿ ತಾಯಿಗಿಂತ ಜಾಸ್ತಿ ನಾನು ಅತ್ತೆ.

ಸೊಸೆಗೆ ಅಳತೆಯ ಅನ್ನ ಹೆದರಿಸಲು ಅಲ್ಲ ಅಣ್ಣ. ಇನ್ನೊಂದು ಮಾತು ಎಲ್ಲ ಬಸುರಿಯರಿಗೂ. ಮಗು ಒದೆಯುವುದು ದಿನಕ್ಕಿಂತ ಕಮ್ಮಿ ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡಿ. ಮಳೆ ಇರಲಿ, ರಾತ್ರಿ ಇರಲಿ, ಜೀಪು ಹತ್ತಿ.


ಹಳೇ ಮಡಿಕೇರಿಯವ
ಜುಲೈ 6, ರಾತ್ರಿ 9:50

ಓದಿದೆ ತಾಯಿ. ಇನ್ನು ಸೊಸೆಯ ಜೊತೆ ಸಂಜೆ ನಾನೇ ನಡೆಯುತ್ತೇನೆ.


ಐದು ತಿಂಗಳ ಬಸುರಿ
ಜುಲೈ 7, ಬೆಳಿಗ್ಗೆ 11:10

ನನಗೆ 20 ವಾರ. ನನ್ನ ಅಮ್ಮನಿಗೆ ಶುಗರ್ ಇದೆ. ಮೊದಲ ಟೆಸ್ಟ್ 118 ಬಂತು. ಎರಡನೆಯದು ಬೇಡ ಅಂದುಕೊಂಡಿದ್ದೆ, ಈಗ ಖಂಡಿತ ಮಾಡಿಸುತ್ತೇನೆ. ಆದರೆ ಊಟದ ವಿಷಯ ಯಾರಾದರೂ ನಮ್ಮ ಅಡುಗೆಯಲ್ಲಿ ಹೇಳಿ. ಡಾಕ್ಟರ್ ಕೊಟ್ಟ ಹಾಳೆಯಲ್ಲಿ ಚಪಾತಿ, ಓಟ್ಸ್ ಅಂತ ಇದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟರ ಹಬ್ಬ ಬೇರೆ. ಆ ದಿನ ಮಾಡುವ ಮದ್ದು ಸೊಪ್ಪಿನ ಸಿಹಿ, ಮದ್ದು ಪಾಯಸ ತಿನ್ನಬಹುದಾ?


ಪೊನ್ನಂಪೇಟೆ ಅಡುಗೆಮನೆ
ಜುಲೈ 7, ಮಧ್ಯಾಹ್ನ 3:00

ಎರಡು ಬಸಿರಿನಲ್ಲೂ ನನಗೆ ಶುಗರ್ ಇತ್ತು. ಎರಡನೇ ಸಲ ಬರೀ ಊಟ, ನಡಿಗೆಯಲ್ಲೇ ಹಿಡಿದೆ. ನನಗೆ ನಡೆದದ್ದು ಹೇಳುತ್ತೇನೆ, ನಿಮ್ಮ ಮೈಗೆ ಏನು ಅಂತ ಗ್ಲುಕೋಮೀಟರ್ ಹೇಳುತ್ತದೆ. ಖಾಲಿ ಹೊಟ್ಟೆಗೆ 95ರ ಒಳಗೆ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ, ಇದು ನನಗೆ ಕೊಟ್ಟ ಗುರಿ.

ಅಕ್ಕಿಯನ್ನು ಪೂರ್ತಿ ಬಿಟ್ಟರೆ ನಮ್ಮವರಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ನಾನು ಬಿಡಲಿಲ್ಲ. ಮೂರು ರೊಟ್ಟಿ ತಿನ್ನುತ್ತಿದ್ದವಳು ಒಂದಕ್ಕೆ ಬಂದೆ, ಅದರ ಜೊತೆ ಎರಡು ಮೊಟ್ಟೆ, ಒಂದು ಬಟ್ಟಲು ಸೊಪ್ಪಿನ ಪಲ್ಯ. ಮೊದಲು ಪಲ್ಯ, ಮೊಟ್ಟೆ ತಿಂದು ಕೊನೆಗೆ ರೊಟ್ಟಿ ಮುರಿಯುತ್ತಿದ್ದೆ. ಅದೇ ರೊಟ್ಟಿಯನ್ನು ಬರೀ ಜೇನಿನ ಜೊತೆ ತಿಂದ ಒಂದು ದಿನ 171 ಬಂತು, ಮೊಟ್ಟೆ ಪಲ್ಯದ ದಿನ 116. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಕಡಂಬುಟ್ಟು ಅಂದರೆ ಅಕ್ಕಿ ತರಿಯ ಉಂಡೆ, ಗಟ್ಟಿಯಾಗಿ ಕೂತಿರುತ್ತದೆ. ನೋಡಲು ಚಿಕ್ಕದು, ಒಳಗೆ ಅಕ್ಕಿ ಜಾಸ್ತಿ. ಎರಡರ ಮೇಲೆ ಹೋಗಲಿಲ್ಲ. ನೂಪುಟ್ಟಿಗೆ, ಅಂದರೆ ಅಕ್ಕಿ ಶಾವಿಗೆಗೆ, ಸಕ್ಕರೆ ಹಾಕಿದ ಕಾಯಿಹಾಲು ನಿಲ್ಲಿಸಿದೆ, ಕೋಳಿ ಸಾರು ಹಾಕಿಕೊಂಡೆ. ಪಂದಿ ಕರಿ ಶುಗರ್ ಏರಿಸುವುದಿಲ್ಲ, ಕೊಬ್ಬಿನ ತುಂಡು ಮಾತ್ರ ಬದಿಗಿಟ್ಟೆ. ಈ ಮಳೆಗಾಲದಲ್ಲಿ ನಮಗೆ ಏನು ಕಡಿಮೆ ಹೇಳಿ? ಕಣಿಲೆ, ಅಂದರೆ ಎಳೆ ಬಿದಿರು ಇದೆ, ನೆನೆಸಿ ನೀರು ಚೆಲ್ಲಿ ಚೆನ್ನಾಗಿ ಬೇಯಿಸಿದರೆ ಒಳ್ಳೆಯದು. ಹೊಳೆ ಮೀನು, ಏಡಿ, ಹೆಸರುಕಾಳು, ಹುರುಳಿ ಇದೆ. ಕಿತ್ತಳೆ ಒಂದು ತಿನ್ನಿ, ಜ್ಯೂಸ್ ಮಾಡಬೇಡಿ. ರಾಗಿ ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಅಂತ ನಂಬಬೇಡಿ, ಗಂಜಿ ಕುಡಿದರೆ ಅದೂ ಏರಿಸುತ್ತದೆ.

ಬೆಲ್ಲ, ಜೇನು ಸಕ್ಕರೆ ಅಲ್ಲ ಅಂತ ನಮ್ಮ ಹಿರಿಯರು ನಂಬುತ್ತಾರೆ. ರಕ್ತಕ್ಕೆ ಹೋದ ಮೇಲೆ ಎಲ್ಲ ಒಂದೇ. ಅಂಗನವಾಡಿಯ ಮಾತೃಪೂರ್ಣ ಊಟದ ಜೊತೆ ಕಡಲೆ ಚಿಕ್ಕಿ ಕೊಡುತ್ತಾರೆ. ಮೊಟ್ಟೆ, ಹಾಲು, ಸಾರು ತಿಂದು ಚಿಕ್ಕಿ ಮನೆಯ ಮಕ್ಕಳಿಗೆ ಕೊಟ್ಟೆ.

ಮದ್ದು ಪಾಯಸದಲ್ಲಿ ಅಕ್ಕಿ, ಬೆಲ್ಲ ಎರಡೂ ಇದೆ. ಸೊಪ್ಪಿನ ರಸ ಬಸುರಿಗೆ ಹೇಗೋ ಏನೋ ಅಂತ ನಾನು ಆ ಎರಡು ವರ್ಷ ತಿನ್ನಲಿಲ್ಲ. ಮನೆ ತುಂಬ ಅದರ ಘಮ ಇದ್ದಾಗ ಕಷ್ಟ ಆಯಿತು, ನಿಜ. ಮುಂದಿನ ಕಕ್ಕಡಕ್ಕೆ ಬಟ್ಟಲು ತುಂಬ ತಿಂದೆ.

ನಡಿಗೆಗೆ ಜಿಗಣೆ, ಕೆಸರು ಅಂತ ಹೊರಗೆ ಹೋಗಲು ಆಗದು. ಊಟ ಆದ ಮೇಲೆ ಜಗಲಿಯಲ್ಲೇ ಹದಿನೈದು ನಿಮಿಷ ಆಚೆ ಈಚೆ. ನಮ್ಮ ನಾಯಿಯೂ ನನ್ನ ಜೊತೆ ತಿರುಗುತ್ತಿತ್ತು.

ಆದರೆ ಒಂದು ಮಾತು. ಎರಡು ವಾರ ಸರಿಯಾಗಿ ಮಾಡಿದರೂ ನಂಬರ್ ಇಳಿಯದಿದ್ದರೆ ಹಟ ಬೇಡ. ಹೊಟ್ಟೆಗೆ ಕಮ್ಮಿ ತಿಂದು ನಂಬರ್ ಇಳಿಸಲು ಹೋಗಬೇಡಿ, ಮಗುವಿಗೆ ಪೌಷ್ಟಿಕ ಬೇಕು. ಮಾತ್ರೆಯೋ ಇನ್ಸುಲಿನ್ನೋ ಡಾಕ್ಟರ್ ಹೇಳಿದ್ದನ್ನು ತಗೊಳ್ಳಿ. ಇನ್ಸುಲಿನ್ ಮಗುವಿಗೆ ದಾಟುವುದಿಲ್ಲ ಅಂತ ಡಾಕ್ಟರ್ ಮೇಲೆ ಬರೆದಿದ್ದಾರಲ್ಲ, ಅದನ್ನು ನನಗೆ ಮೊದಲ ಬಸಿರಿನಲ್ಲಿ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.


ಮಕ್ಕಂದೂರು ಕಡೆಯವಳು
ಜುಲೈ 8, ರಾತ್ರಿ 8:30

ಇನ್ಸುಲಿನ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನನಗೆ ಏಳೂವರೆ ತಿಂಗಳು. ದಿನಕ್ಕೆ ಎರಡು ಸಲ ಇನ್ಸುಲಿನ್. ಉಟ್ಟ ಬಟ್ಟೆಯಲ್ಲಿ ಓಡಿಬಂದೆವು, ಆದರೆ ಅತ್ತೆ ಮೊದಲು ಎತ್ತಿಕೊಂಡಿದ್ದು ನನ್ನ ಔಷಧಿಯ ಡಬ್ಬಿ. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಫ್ರಿಜ್ ಇಲ್ಲ, ಕರೆಂಟ್ ಇಲ್ಲ. ಔಷಧಿ ಹಾಳಾಯಿತು ಅಂತ ಅಳುತ್ತಿದ್ದೆ. ಅಲ್ಲಿಗೆ ಬಂದ ಡಾಕ್ಟರ್ ಹೇಳಿದರು, ತೆರೆದ ಇನ್ಸುಲಿನ್ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ, ಮಡಿಕೇರಿಯ ಈ ಚಳಿಗೆ ಏನೂ ಆಗದು, ಒಲೆಯ ಹತ್ತಿರ ಇಡಬೇಡಿ, ಫ್ರೀಜರಿನಲ್ಲಿ ಅಂತೂ ಇಡಲೇಬೇಡಿ.

ಊಟ ಅನ್ನ ಸಾರು, ಉಪ್ಪಿಟ್ಟು. ಕೊಟ್ಟವರು ದೇವರಂಥವರು, ಬೇರೆ ಕೇಳುವ ಹಾಗಿರಲಿಲ್ಲ. ಒಬ್ಬ ಹುಡುಗ ಸ್ವಯಂಸೇವಕ ನನಗೆ ಅಂತ ದಿನಾ ಎರಡು ಬೇಯಿಸಿದ ಮೊಟ್ಟೆ ತಂದು ಕೊಡುತ್ತಿದ್ದ. ಉದ್ದದ ಹಾಲ್‌ನಲ್ಲಿ ಮಲಗಿದ ಜನರ ನಡುವೆ ಗೋಡೆ ಹಿಡಿದು ನಡೆಯುತ್ತಿದ್ದೆ. ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ, 3 ಕೆಜಿ 100. ಹಿಮ್ಮಡಿಗೆ ಚುಚ್ಚಿದಾಗ ಮೊದಲ ನಂಬರ್ 58. ಮನೆ ಹೋದದ್ದು ಆ ಗಳಿಗೆ ನೆನಪಿರಲಿಲ್ಲ.


ಸುಂಟಿಕೊಪ್ಪದ ತಾಯಿ
ಜುಲೈ 9, ಬೆಳಿಗ್ಗೆ 5:20

ಎಲ್ಲವನ್ನೂ ಎರಡೆರಡು ಸಲ ಓದಿದೆ. ಡಾಕ್ಟರ್ ಸರ್, ಆ ಕಣದ ಮಾತನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೂತು ಮಗಳ ಕಾಲು ಸವರಿದರು. ಮುಂದಿನ ವಿಷಯ ಬರೆಯುತ್ತೇನೆ ಅಂದಿದ್ದಿರಿ, ಅದನ್ನೂ ಹೇಳಿ. ಹೆದರುವುದಿಲ್ಲ.


ಮಕ್ಕಳ ಡಾಕ್ಟರ್, ಗೋಣಿಕೊಪ್ಪದವನು
ಜುಲೈ 9, ರಾತ್ರಿ 9:40

ಹೇಳುತ್ತೇನೆ. ಇದಕ್ಕೆ ಉತ್ತರ ನಮ್ಮ ಪಕ್ಕದ ಮೈಸೂರಿನಲ್ಲೇ ಹುಡುಕಿದ್ದಾರೆ. ಕೊಡಗಿನವರಿಗೆ ಗೊತ್ತಿರುವ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್. 1997-98ರಲ್ಲಿ ಅಲ್ಲಿಗೆ ಬಂದ ಬಸುರಿಯರ ಶುಗರ್ ನೋಡಿದರು. ನೂರಕ್ಕೆ ಸುಮಾರು ಆರು ಜನರಿಗೆ ಬಸಿರಿನ ಶುಗರ್ ಇತ್ತು. ಆ ಮಕ್ಕಳನ್ನು ಅಲ್ಲಿಗೇ ಬಿಡಲಿಲ್ಲ, ವರ್ಷಗಟ್ಟಲೆ ಕರೆಸಿ ಅಳೆದರು. ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೇ ಚರ್ಮದ ಕೆಳಗಿನ ಕೊಬ್ಬು ಬೇರೆ ಮಕ್ಕಳಿಗಿಂತ ಜಾಸ್ತಿ ಇತ್ತು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ವ್ಯತ್ಯಾಸ ಇನ್ನೂ ಎದ್ದು ಕಂಡಿತು, ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣವೂ ಇತ್ತು.

ಅಂದರೆ ನಿಮ್ಮ ಮಗಳಿಗೆ ಶುಗರ್ ಬಂದೇ ಬರುತ್ತದೆ ಅಂತ ಅಲ್ಲ. ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನೀವು ಮಾಡಬಹುದಾದದ್ದು ತುಂಬ ಇದೆ. ಆರು ತಿಂಗಳು ಬರೀ ಎದೆಹಾಲು. ಆಮೇಲೂ ಹಾಲು ಮುಂದುವರಿಸಿ, ಅದು ನಿಮ್ಮ ಶುಗರ್‌ಗೂ ಒಳ್ಳೆಯದು. ಸಪೂರ ಇದ್ದಾಳೆ ಅಂತ ತುರುಕಿ ತಿನ್ನಿಸಬೇಡಿ. ಅಂಗಳದಲ್ಲಿ ಓಡಲಿ, ಮಳೆಯಲ್ಲಿ ನೆನೆಯಲಿ. ಬಿಸ್ಕತ್ತು, ಜ್ಯೂಸ್ ಪ್ಯಾಕೆಟ್ ಮನೆಗೆ ತರಬೇಡಿ.

ನೀವು ಮರೆಯಬಾರದ್ದು ನಿಮ್ಮದೇ ಟೆಸ್ಟ್. ಹೆರಿಗೆ ಆಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಟೆಸ್ಟ್ ಇದೆ. ಈ ಸಲ ಖಾಲಿ ಹೊಟ್ಟೆಯಲ್ಲಿ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮಗುವಿನ ಚುಚ್ಚುಮದ್ದಿಗೆ ಬರುತ್ತಾರೆ, ತಾಯಿಯ ರಕ್ತ ಕೊಡದೇ ಹೋಗುತ್ತಾರೆ. ಆರು ವಾರದ ಚುಚ್ಚುಮದ್ದಿಗೆ ಬರುವಾಗಲೇ ಮುಗಿಸಿಕೊಳ್ಳಿ. ಬಸಿರಿನ ಶುಗರ್ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಇಲ್ಲದವರಿಗಿಂತ ಸುಮಾರು ಏಳರಿಂದ ಹತ್ತು ಪಟ್ಟು. ಮುಂದಿನ ಬಸಿರಿನಲ್ಲಿ ಮೊದಲ ವಾರಗಳಲ್ಲೇ ಆ ಮಗುವಿನ ಅಂಗಗಳು ಮೂಡುವಾಗ ನಿಮ್ಮ ಶುಗರ್ ಎಷ್ಟಿದೆ ಅಂತ ಗೊತ್ತಿರಬೇಕು ಅಲ್ವಾ?


ಆಶಾ ಕಾರ್ಯಕರ್ತೆ, ಸೋಮವಾರಪೇಟೆ ಕಡೆ
ಜುಲೈ 10, ಬೆಳಿಗ್ಗೆ 7:30

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಾಣಂತಿ ತವರಿಗೆ ಹೋಗಿರುತ್ತಾಳೆ, ತಾಯಿ ಕಾರ್ಡ್ ಗಂಡನ ಮನೆಯಲ್ಲಿ ಇರುತ್ತದೆ. ಕಾರ್ಡ್ ಜೊತೆಗೇ ಒಯ್ಯಿರಿ.


ಸುಂಟಿಕೊಪ್ಪದ ತಾಯಿ
ಆಗಸ್ಟ್ 2, ಸಂಜೆ 6:45

ಟೆಸ್ಟ್ ಮಾಡಿಸಿದೆ. ಖಾಲಿ ಹೊಟ್ಟೆಗೆ 98, ಎರಡು ಗಂಟೆಗೆ 152. ಸಕ್ಕರೆ ಕಾಯಿಲೆ ಅಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ, ನಡುವೆ ಇದ್ದೀರಿ ಅಂದರು. 140ರ ಒಳಗೆ ಇರಬೇಕಿತ್ತು. ಈ ಸಲ ನಂಬರ್ ಮುಚ್ಚಿಡಲಿಲ್ಲ. ಮನೆಗೆ ಬಂದು ಅತ್ತೆಗೂ ಹೇಳಿದೆ. ಬಾಣಂತಿಯ ಲೇಹ್ಯದಲ್ಲಿ ಬೆಲ್ಲ ಇದೆ ಅಂತ ಅವರೇ ಡಬ್ಬಿ ಎತ್ತಿಟ್ಟರು. ನನ್ನ ಕಾಫಿಯ ಬೇರೆ ಪಾತ್ರೆ ಮತ್ತೆ ಒಲೆ ಮೇಲೆ ಬಂದಿದೆ. ಪ್ರತಿ ವರ್ಷ ನೋಡಿಸಬೇಕಂತೆ. ಮರೆಯದ ಹಾಗೆ ಮಗಳ ಹುಟ್ಟುಹಬ್ಬದ ತಿಂಗಳಿಗೇ ಇಟ್ಟುಕೊಂಡಿದ್ದೇನೆ.

ಮಗಳು 4 ಕೆಜಿ 900. ಹಿಮ್ಮಡಿಯ ಚುಕ್ಕಿಗಳು ಮಾಸಿವೆ. ಬೆಳಕಿಗೆ ಹಿಡಿದು ಹುಡುಕಿದೆ, ಒಂದೂ ಸಿಗಲಿಲ್ಲ.


ಐದು ತಿಂಗಳ ಬಸುರಿ
ಆಗಸ್ಟ್ 6, ಮಧ್ಯಾಹ್ನ 1:15

ನನ್ನ ಎರಡನೇ ಟೆಸ್ಟ್ ಇವತ್ತು ಬಂತು. 149. ಅತ್ತಿಲ್ಲ, ಯಾಕೆ ಅಂತ ಗೊತ್ತಿತ್ತಲ್ಲ. 9ಕ್ಕೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ಮನೆಯಲ್ಲಿ ನೋಡಿಕೊಳ್ಳಲು ಗ್ಲುಕೋಮೀಟರ್ ತಗೊಳ್ಳಿ ಅಂದರು. ಯಾವುದು ಒಳ್ಳೆಯದು?


ಸುಂಟಿಕೊಪ್ಪದ ತಾಯಿ
ಆಗಸ್ಟ್ 6, ಮಧ್ಯಾಹ್ನ 1:40

ತಂಗಿ, ಕೊಳ್ಳಬೇಡ. ನನ್ನದು ಸುಮ್ಮನೆ ಕೂತಿದೆ, ಇನ್ನೂ 40 ಪಟ್ಟಿ ಇವೆ, ತಾರೀಕು ಮುಂದಿನ ಮಾರ್ಚ್‌ವರೆಗೆ ಇದೆ. ಮೆಷಿನ್ ಒರೆಸಿ ಕೊಡುತ್ತೇನೆ. ಸೂಜಿಯೂ ಚುಚ್ಚುವ ಪೆನ್ನೂ ಮಾತ್ರ ಹೊಸದು ತಗೋ, ಬೇರೆಯವರದ್ದು ಬಳಸಬಾರದು. ನಿನ್ನ ಊರಿನ ಬಸ್ ಸ್ಟ್ಯಾಂಡ್ ಯಾವುದು ಅಂತ ಖಾಸಗಿಯಾಗಿ ಬರಿ, ನಾಳೆ ಬೆಳಿಗ್ಗೆ ಮಡಿಕೇರಿ ಬಸ್ಸಿಗೆ ನನ್ನ ಗಂಡ ಕೊಟ್ಟು ಕಳಿಸುತ್ತಾರೆ.